ಮುಟ್ಟಿದರೆ ಬಾದ

ಜುಲೈ 19, 2015, ಭಾನುವಾರ

ಜುಗೂಳದಿಂದ ಹೆಣ್ಣು ನೋಡಲು ಬಂದವರು ಎತ್ತು ನೋಡಿ ಹೋದರು.

ಸುಳ್ಳಲ್ಲ. ಆಬಾಸಾಹೇಬರು, ಅವರ ಹೆಂಡತಿ, ತುಟಿ ಬಿಚ್ಚದ ಮಗ ಶಿವರಾಜ, ಹಿಂದೆ ಇನ್ನಷ್ಟು ಮಂದಿ, ಒಂದು ಜೀಪು ತುಂಬ. ನನ್ನ ಮಗಳು ಕೋಮಲ ಅವಲಕ್ಕಿ, ಚಹಾ ತಂದಿಟ್ಟಳು. "ಆ ಬಾಗಲತನ ನಡದ ತೋರಸವಾ" ಎಂದರು. ನಡೆದಳು. ಕುಂಟಿಯಲ್ಲ ಎಂದು ಖಾತ್ರಿಯಾಯಿತು. ಹತ್ತು ನಿಮಿಷಕ್ಕೆ ಅವಳ ಕೆಲಸ ಮುಗಿಯಿತು. ಆಮೇಲೆ ಎಲ್ಲರೂ ಎದ್ದು ಕೊಟ್ಟಿಗೆಗೆ ನಡೆದರು. ಅಲ್ಲಿ ನಮ್ಮ ಶರ್ಯತ್ತಿನ ಎತ್ತು ಸರ್ಜಾ. ಅದರ ಹಲ್ಲು ನೋಡಿದರು, ಗೊರಸು ಎತ್ತಿ ನೋಡಿದರು, ಅಂಗಳದಲ್ಲಿ ಮೂರು ಸುತ್ತು ನಡೆಸಿದರು. ಬರೋಬ್ಬರಿ ಒಂದು ತಾಸು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ಕೋರ್ಟು ಎತ್ತಿನ ಗಾಡಿ ಓಟದ ಶರ್ಯತ್ತು ನಿಲ್ಲಿಸಿ ವರ್ಷದ ಮೇಲಾಯಿತು. ಅಂದಿನಿಂದ ಎತ್ತಿಗೂ ಕೆಲಸವಿಲ್ಲ, ಅದರ ಮಾಲೀಕರಿಗೂ ಇಲ್ಲ. ಮಾಲೀಕರೆಂದರೆ ನನ್ನ ಗಂಡ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ, ಬರೆಯಬಾರದೆಂದು ಯಾರೂ ಹೇಳಿಲ್ಲ. ಸಂಭಾಜಿ. ಬರೆದಾಯಿತು. ಆದರೂ 'ಸರ್ಜಾನ ಮಾಲೀಕರು' ಎಂಬುದೇ ಅವರಿಗೆ ಹೆಚ್ಚು ಒಪ್ಪುತ್ತದೆ.

ಕೋಮಲ ನಿಪ್ಪಾಣಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ. "ನಮ್ಮ ದ್ರಾಕ್ಷಿ ತ್ವಾಟಕ್ಕ ಬಿ.ಎಸ್ಸಿ. ಯಾಕ ಬೇಕ್ರಿ? ಜನವರಿದಾಗ ಮದುವಿ ಅಕ್ಕಿಕಾಳ ಹಾಕಿ ಬಿಡೂಣ" ಎಂದು ಆಬಾಸಾಹೇಬರು ನಕ್ಕರು. ಮಾಲೀಕರೂ ನಕ್ಕರು. ಕೋಮಲ ಅಳಲಿಲ್ಲ. ಬಟ್ಟಲು ತೊಳೆಯುತ್ತ ಕೇಳಿದಳು, "ಆಯಿ, ನಿನ್ನೂ ಹಿಂಗ ನಡಿಸಿದ್ರೇನ?"

ನಡೆಸಿದ್ದರು. ಹತ್ತನೆಯದು ಪಾಸಾಗಿ ಕಾಲೇಜಿಗೆ ಹೆಸರು ಹಚ್ಚುವ ವಾರದಲ್ಲೇ.

ಇದನ್ನು ಅಂಗನವಾಡಿಯ ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಮಕ್ಕಳ ಹಾಜರಿ, ಹಿಂದಿನವುಗಳಲ್ಲಿ ಟೀಚರಳ ಹಾಜರಿ.

ಜುಲೈ 23, ಗುರುವಾರ

ನಿಪ್ಪಾಣಿಗೆ ಅಂಗನವಾಡಿ ಮೀಟಿಂಗಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಡಿಸೆಂಬರ್ 13ಕ್ಕೆ ನಿಪ್ಪಾಣಿಯಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ನಿಪ್ಪಾಣಿ ಓಟ. ಐವತ್ತು ಕಿಲೋಮೀಟರ್. ಎಂಟು ತಾಸಿನೊಳಗೆ ಮುಗಿಸಬೇಕು. ಗಂಡಸರು, ಹೆಂಗಸರು ಯಾರೂ ಬರಬಹುದು.

ಸಂಜೆ ಕಟ್ಟೆಯ ಮೇಲೆ ಮಾಲೀಕರು, ಧರೆಪ್ಪಣ್ಣ ಕುಳಿತಿದ್ದರು. ಧರೆಪ್ಪಣ್ಣ ರಾಯಬಾಗದವರೆಗೆ ಶರ್ಯತ್ತುಗಳಲ್ಲಿ ನಿಶಾನಿ ಬಾವುಟ ಹಿಡಿದ ಪಂಚ. ಈಗ ನಿಶಾನಿ ಪೆಟ್ಟಿಗೆಯಲ್ಲಿ, ಪಂಚರು ಕಟ್ಟೆಯಲ್ಲಿ. ನಾನು ಹಾಳೆಯ ಸುದ್ದಿ ಹೇಳಿದೆ.

"ಐವತ್ತ ಕಿಲೋಮೀಟರ! ನೀ? ಗಿರಣಿತನ ಹೋಗಿ ಬರೂದ್ರಾಗ ತೇಕತಿ" ಎಂದು ಮಾಲೀಕರು ತೊಡೆ ತಟ್ಟಿ ನಕ್ಕರು.

ಆ ನಗುವೇ ನನ್ನನ್ನು ಕೆಡಿಸಿದ್ದು. "ಹಚ್ಚರಿ ಶರ್ಯತ್ತು" ಅಂದೆ. "ಎಂಟ ತಾಸಿನಾಗ ಮುಗಿಸಿದ್ರ ಕೋಮಲನ ಡಿಗ್ರಿ ಆಗೂತನ ಮದುವಿ ಮಾತ ತೆಗೀಬಾರ್ದು. ಸೋತ್ರ ನೀವ ಹೇಳಿದ ದಿನಾ ನಾನ ಕುಂತ ಅರಿಷಿಣ ಅರೀತೀನಿ."

ನನಗೆ ಗೊತ್ತಿದ್ದೇ ಹೇಳಿದೆ. ಶರ್ಯತ್ತಿನ ಮಂದಿ ಹೆಂಡತಿಗೆ ಕೊಟ್ಟ ಮಾತು ಮರೆಯುತ್ತಾರೆ, ದೇವರ ಹರಕೆಯನ್ನೂ ಮುಂದೂಡುತ್ತಾರೆ. ಶರ್ಯತ್ತಿಗೆ ಹೂಂ ಅಂದಮೇಲೆ ಹಿಂದೆ ಸರಿದವನಿಗೆ ಈ ಸೀಮೆಯಲ್ಲಿ ಯಾರೂ ತಂಬಾಕು ಕೊಡುವುದಿಲ್ಲ. ಮಾಲೀಕರು ಧರೆಪ್ಪಣ್ಣನ ಮುಖ ನೋಡಿದರು. ಹೂಂ ಅಂದರು.

ಧರೆಪ್ಪಣ್ಣನಿಗೆ ಹೋದ ಜೀವ ಬಂದಂತಾಯಿತು. ಎದ್ದು ನಿಂತು ಕಾಯಿದೆ ಹೇಳಿದ. "ಯಾವ ಗಾಡೀನೂ ಹತ್ತಂಗಿಲ್ಲ. ಯಾರೂ ಕೈ ಹಚ್ಚಂಗಿಲ್ಲ. ಬಿದ್ರ ತಾನ ಏಳಬೇಕು. ಮುಟ್ಟಿದ್ರ ಬಾದ." ಬಾದ ಎಂದರೆ ಆಟದಿಂದ ಹೊರಗೆ. ಎತ್ತುಗಳ ಕಾಯಿದೆಯೇ ನನಗೂ. ಇರಲಿ, ಇಷ್ಟಾದರೂ ಸಮಾನತೆ ಬಂತಲ್ಲ.

ಜುಲೈ 27, ಸೋಮವಾರ

ನಸುಕಿನಲ್ಲಿ ಸೀರೆ ಎತ್ತಿ ಕಟ್ಟಿ, ಕೋಮಲನ ಬೂಟು ಹಾಕಿಕೊಂಡು ಓಡಿದೆ. ಪಕ್ಕದ ಮನೆ ಲಗಮವ್ವ ಚರಿಗೆ ಹಿಡಿದು ಹೊರಟವಳು ಕೂಗಿದಳು, "ಯಾರ ಹ್ವಾದ್ರವಾ?" ನಮ್ಮೂರಲ್ಲಿ ಹೆಂಗಸು ಓಡಿದಳೆಂದರೆ ಒಂದು ಹೆಣ ಇರಲೇಬೇಕು. ಯಾರೂ ಹೋಗಿಲ್ಲ ಎಂದೆ. ಅವಳಿಗೆ ನಿರಾಸೆಯಾಯಿತು.

ಮುಂದೆ ನಿಪ್ಪಾಣಿ ಬಸ್ಸು ನನ್ನನ್ನು ದಾಟಿ ನಿಂತಿತು. ಹಿಡಿಯಲೆಂದೇ ಓಡುತ್ತಿದ್ದೇನೆಂದು ಕಂಡಕ್ಟರ್ ಸೀಟಿ ಊದಿ ಬಾಗಿಲು ತೆರೆದು ಕಾದ. ನಾನು ಬಸ್ಸನ್ನೂ ದಾಟಿ ಮುಂದೆ ಓಡಿದೆ. ಅವನ ಬಾಯಿಂದ ಬಂದ ಮಾತನ್ನು ಮಕ್ಕಳ ಹಾಜರಿ ಪುಸ್ತಕದಲ್ಲಿ ಬರೆಯಲಾರೆ.

ಒಟ್ಟು ಓಟ: ಅರ್ಧ ಕಿಲೋಮೀಟರ್. ಬಳಿಕ ರಸ್ತೆ ಬದಿ ಕುಳಿತು ವಾಂತಿ.

ಆಗಸ್ಟ್ 8, ಶನಿವಾರ

ಲಸಿಕೆ ಹಾಕಲು ಬಂದ ಡಾಕ್ಟರ್ ನೀಲಮ ನಿಪ್ಪಾಣಿಯವರು. ಅವರೂ ಓಡುತ್ತಾರಂತೆ. ನನ್ನ ಬೂಟು ನೋಡಿ ವಿಷಯ ಕೇಳಿದರು, ನಗಲಿಲ್ಲ. "ಅಕ್ಕಾರ, ಪೂರಾ ಓಡಬ್ಯಾಡ್ರಿ. ಮೂರ ನಿಮಿಷ ಓಡ್ರಿ, ಒಂದ ನಿಮಿಷ ನಡೀರಿ. ದಣದ ಮ್ಯಾಲ ಅಲ್ಲ, ದಣಿಯೂಕಿಂತ ಮೊದಲ ನಡೀಬೇಕು. ಐವತ್ತೂ ಹಂಗ ಮುಗಿಸ್ಬೋದು" ಎಂದರು.

ಡಾಕ್ಟರು ಹೇಳದೇ ಬಿಟ್ಟದ್ದೊಂದಿದೆ. ಓಡುವ ಮೂರು ನಿಮಿಷ ಜನ ನನ್ನನ್ನು ಹುಚ್ಚಿ ಎಂದು ಬಿಟ್ಟುಬಿಡುತ್ತಾರೆ. ನಡೆಯುವ ಒಂದು ನಿಮಿಷ ಬಂತೋ, ಪಾಪ ಎಂದು ಗಾಡಿ ನಿಲ್ಲಿಸುತ್ತಾರೆ. "ಹತ್ರಿ ಟೀಚರ, ಬಿಡತೀನಿ." ಇಂದು ನಾಲ್ಕು ಬೈಕು, ಒಂದು ಹಾಲಿನ ಟೆಂಪೋ, ಒಂದು ಗೊಬ್ಬರದ ಟ್ರ್ಯಾಕ್ಟರ್. ಹಾಲಿನವನಿಗೆ ಬೇಡವೆಂದು ಬಿಡಿಸಿ ಹೇಳುವಷ್ಟರಲ್ಲಿ ನಡಿಗೆಯ ನಿಮಿಷ ಮುಗಿಯಿತು. ನಾನು ಓಡಿದೆ. ತನ್ನನ್ನು ಕಂಡು ಹೆದರಿ ಓಡಿದಳೆಂದು ಅವನಿಗೆ ಸಿಟ್ಟು ಬಂದಿದೆಯಂತೆ, ಸಂಜೆ ಹಾಲು ಹಾಕಲಿಲ್ಲ.

ಆಗಸ್ಟ್ 16, ಭಾನುವಾರ

ಕಳ್ಳತನ ಮಾಡಿದೆ. ಸರ್ಜಾನಿಗೆ ದಿನಾ ರಾತ್ರಿ ಆರು ಬದಾಮಿ ನೆನೆಯಿಡುತ್ತಾರೆ. ಓಟವಿಲ್ಲದಿದ್ದರೂ ಖುರಾಕು ನಿಂತಿಲ್ಲ. ವಾರಕ್ಕೊಮ್ಮೆ ಎಣ್ಣೆ ಮಾಲೀಸು, ಬೇಸರವಾದರೆ ಮಾತಾಡಿಸುವುದು. ನನಗೆ ಬಾಣಂತನದಲ್ಲೂ ಇಷ್ಟು ಉಪಚಾರ ಆಗಿರಲಿಲ್ಲ. ಇಂದು ಮುಂಜಾನೆ ಬಟ್ಟಲಿಂದ ಎರಡು ತೆಗೆದು ತಿಂದೆ. ಎತ್ತು ನನ್ನನ್ನೇ ನೋಡುತ್ತಿತ್ತು. "ಚಾಡಿ ಹೇಳ್ತಿ ಏನಲೇ?" ಅಂದೆ. ಬಾಲ ಬೀಸಿತು.

ಮಾಲೀಕರಿಗೆ ಏನೂ ಗೊತ್ತಾಗಲಿಲ್ಲ. ಎತ್ತಿನ ಉಸಿರು ಎಣಿಸುತ್ತಾರೆ, ಬದಾಮಿ ಎಣಿಸಲು ಬಾರದು.

ಸೆಪ್ಟೆಂಬರ್ 4, ಶುಕ್ರವಾರ

ಓಡಲಿಲ್ಲ. ಮೊನ್ನೆಯೂ ಇಲ್ಲ. ಹನ್ನೆರಡು ಕಿಲೋಮೀಟರ್ ದಾಟಿದರೆ ಎಡಗಾಲು ಹಿಡಿಯುತ್ತದೆ. ಜುಗೂಳದಿಂದ ಸೀರೆಯ ಬಣ್ಣ ಕೇಳಿ ಫೋನು ಬಂದಿತ್ತು. ಕೋಮಲ ಯಾವುದಾದರೂ ನಡೆಯುತ್ತದೆ ಎಂದಳು.

ಸೆಪ್ಟೆಂಬರ್ 20, ಭಾನುವಾರ

ಇಂದು ವಿಚಿತ್ರ ನಡೆಯಿತು.

ಮನಸ್ಸು ಕೆಟ್ಟಿತ್ತು. ನಡಿಗೆ ಗಿಡಿಗೆ ಯಾವನಿಗೆ ಬೇಕು ಎಂದು ಹೊಲದ ದಾರಿ ಹಿಡಿದು ಒಂದೇ ಸಮನೆ ಓಡಿದೆ. ಎರಡನೇ ಸುತ್ತಿಗೆ ಕಣ್ಣು ಕತ್ತಲೆ ಬಂತು, ಕಬ್ಬಿನ ಬದುವಿನ ಮೇಲೆ ಕೂತುಬಿಟ್ಟೆ. ನೋಡಿದರೆ ಮಾಲೀಕರು ಆಚೆ ಬದುವಿನ ಮೇಲೆ ನಿಂತಿದ್ದಾರೆ, ಕೈಯಲ್ಲಿ ಶರ್ಯತ್ತಿನ ಗಡಿಯಾರ. ಎಷ್ಟು ಹೊತ್ತಿನಿಂದಲೋ. ಮುಖ ಕೆಂಪಗಾಗಿತ್ತು.

"ಯಾವ ಹುಚ್ಚ ಓಡಿಸ್ತಾನ ಹಿಂಗ?" ಎಂದು ಕೂಗಿದರು. "ಮೊದಲ ಸುತ್ತಿಗೇ ಎಲ್ಲಾ ದಮ್ಮ ಖಾಲಿ! ಬಾಯಾಗ ನೊರಿ ಬಂದ ಮ್ಯಾಲ ನಡಿಸಿದ್ರ ಏನ ಉಪೇಗ? ನೊರಿ ಬರೂಕಿಂತ ಮೊದಲ ನಡಿಸಬೇಕ. ಎಂಥಾ ಜಾತಿ ಎತ್ತನ್ನ ಹಿಂಗ ಹಾಳ ಮಾಡೂದು ನನ್ನ ಕಣ್ಣಲೆ ನೋಡಾಕ ಆಗೂದಿಲ್ಲ."

ಡಾಕ್ಟರ್ ನೀಲಮ ಹೇಳಿದ್ದೂ ಇದನ್ನೇ. ಅವರು ಎಂ.ಬಿ.ಬಿ.ಎಸ್. ಓದಿ ಕಲಿತರು, ಇವರು ಕೊಟ್ಟಿಗೆಯಲ್ಲಿ.

ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದು, ನನಗೂ ದಣಿವಾಗುತ್ತದೆಂದು ಇವರಿಗೆ ಇಂದು ತಿಳಿಯಿತು. ಅದೂ ಎತ್ತೆಂದುಕೊಂಡು ನೋಡಿದ್ದರಿಂದ. ನಗಬೇಕೋ ಬೂಟು ತೆಗೆದು ಎಸೆಯಬೇಕೋ ತಿಳಿಯಲಿಲ್ಲ. ಹೇಳಿದಂತೆ ಮಾಡಿದೆ. ಅವರು ಒಂದು ಸೀಟಿ ಊದಿದರೆ ಓಟ, ಎರಡು ಊದಿದರೆ ನಡಿಗೆ. ಎಂಟು ಸುತ್ತು ಬಂದೆ. ಕಾಲು ಹಿಡಿಯಲಿಲ್ಲ.

ಅಕ್ಟೋಬರ್ 11, ಭಾನುವಾರ

ಇಪ್ಪತ್ತನಾಲ್ಕು ಕಿಲೋಮೀಟರ್! ಕೋಮಲನ ಬಾಬಾ, ಅಂದರೆ ನಮ್ಮ ಮಾಲೀಕರು, ಬೈಕಿನಲ್ಲಿ ಹಿಂದೆ. ಈಗ ನಡೆಯುವಾಗ ಯಾರಾದರೂ ಗಾಡಿ ನಿಲ್ಲಿಸಿದರೆ ಅವರೇ ನೋಡಿಕೊಳ್ಳುತ್ತಾರೆ. "ನಡೀರಿ ನಡೀರಿ, ತಾಲೀಮು ನಡದೈತಿ" ಎಂದು ಮೀಸೆ ತಿರುವುತ್ತಾರೆ. ಹೆಂಡತಿ ಓಡುವುದು, ಗಂಡ ಬೈಕಿನ ಮೇಲೆ ಕುಳಿತು ದಣಿಯುವುದು. ಊರವರು ಶಹಬ್ಬಾಸ್ ಹೇಳುವುದೂ ಅವರಿಗೇ.

ಹೆಬ್ಬೆರಳಿನ ಉಗುರು ಕಪ್ಪಾಗಿದೆ. "ಲಾಳ ಬಿಗಿ ಆಗೈತಿ" ಎಂದು ಹೊಸ ಬೂಟು ಎತ್ತಿಕೊಂಡು ಹೋಗಿ, ಗೊರಸು ಕೊರೆಯುವ ಚಾಕುವಿನಿಂದ ಮುಂದಿನ ತುದಿ ಕತ್ತರಿಸಿ ತಂದರು. ನಾನು ಹೌಹಾರಿದೆ, ಅಂಗಡಿಯಿಂದ ತಂದು ಹದಿನೈದು ದಿನವಾಗಿರಲಿಲ್ಲ. ಆದರೆ ಈಗ ನೋವಿಲ್ಲ, ಹಾಳಾದ್ದು.

ಸರ್ಜಾನ ಬಟ್ಟಲಲ್ಲಿ ಈಚೆಗೆ ಎಂಟು ಬದಾಮಿ ಇರುತ್ತವೆ. ಪ್ರೀತಿ ಹೆಚ್ಚಾಗಿದೆ. ಒಳ್ಳೆಯದೇ ಆಯಿತು. ನಾನು ಎರಡು ತೆಗೆದರೂ ಆ ಮೂಕ ಪ್ರಾಣಿಗೆ ಆರು ಉಳಿಯುತ್ತವೆ, ನನಗೂ ಪಾಪವಿಲ್ಲ.

ನವೆಂಬರ್ 15, ಭಾನುವಾರ

ದೀಪಾವಳಿಯ ಕರ್ಚಿಕಾಯಿ ಇನ್ನೂ ಹೊಟ್ಟೆಯಲ್ಲಿತ್ತು. ಮೂವತ್ತಾರನೇ ಕಿಲೋಮೀಟರಿಗೆ ರಸ್ತೆಯ ನಡುವೆ ನಿಂತು ಗೊಳೋ ಎಂದು ಅತ್ತೆ. ನೋವಿಗಲ್ಲ. ಏಕೆಂದು ನನಗೇ ಗೊತ್ತಿಲ್ಲ. ಮೇಲೆ ಮೇಲೆ ಬಂದುಬಿಟ್ಟಿತು. ಕಬ್ಬಿನ ಟ್ರ್ಯಾಕ್ಟರಿನವರು ಹಾಡು ಬಂದ್ ಮಾಡಿ ನೋಡಿದರು. ಇವರು ಬೈಕು ನಿಲ್ಲಿಸಿ ದೂರದಲ್ಲೇ ನಿಂತರು. ಎತ್ತು ಅತ್ತರೆ ಏನು ಮಾಡಬೇಕೆಂದು ಇವರಿಗೆ ಯಾರೂ ಕಲಿಸಿಲ್ಲ.

ಮನೆಗೆ ಬಂದ ಮೇಲೆ ಕೇಳಿಯೇಬಿಟ್ಟೆ. "ನಾ ಗೆದ್ರ ನಿಮ್ಮ ಮದುವಿ ಕೆಡತೈತಿ. ಆದ್ರೂ ಯಾಕ ಕಲಿಸಾಕತ್ತೀರಿ?"

ಅವರು ಸರ್ಜಾನ ಬೆನ್ನು ಸವರುತ್ತಿದ್ದರು. "ಗೆದ್ರ ಖರೇ ಗೆಲ್ಲಬೇಕ" ಎಂದರು. "ಕುಂಟ ಎತ್ತಿನ ಮುಂದ ಗೆದ್ದ ಯಾವನರ ಗುಲಾಲ ಹಾರಸ್ತಾನೇನ?"

ಕುಂಟ ಎತ್ತು ನಾನು. ಬೈದುಕೊಂಡೇ ಮಲಗಲು ಹೋದೆ. ಜಗಲಿಯ ಮೇಲೆ ಬೆಚ್ಚಗಿನ ಎಣ್ಣೆಯ ಬಟ್ಟಲು ಇತ್ತು. ಸರ್ಜಾನಿಗೆ ಹಚ್ಚಿ ಮರೆತಿರಬೇಕು. ಕೋಮಲ ನನ್ನ ಕಾಲಿಗೆ ತಿಕ್ಕಿದಳು.

ಡಿಸೆಂಬರ್ 12, ಶನಿವಾರ

ನಾಳೆ. ಕೋಮಲ ರೊಟ್ಟಿ ಡಬ್ಬಿಯ ಮೇಲಿಟ್ಟಿದ್ದ ಕೆಮಿಸ್ಟ್ರಿ ಪುಸ್ತಕ ಕೆಳಗಿಳಿಸಿ ಧೂಳು ಒರೆಸಿದಳು. ತೆರೆಯಲಿಲ್ಲ.

ಡಿಸೆಂಬರ್ 14, ಸೋಮವಾರ

ಕುಳಿತರೆ ಏಳಲಾಗದು, ಎದ್ದರೆ ಕೂರಲಾಗದು. ಕೈ ಮಾತ್ರ ಆಡುತ್ತದೆ. ಬರೆಯುತ್ತೇನೆ.

ನಿನ್ನೆ ಐದೂವರೆಗೆ ನಿಪ್ಪಾಣಿಯಿಂದ ಬಿಟ್ಟರು. ಎಪ್ಪತ್ತು ಮಂದಿ. ಬಿಗಿ ಚಡ್ಡಿಯ ಗಂಡಸರು ಬಾಣದಂತೆ ಹೋದರು. ಚೂಡಿದಾರ, ತುದಿ ಕತ್ತರಿಸಿದ ಬೂಟಿನ ನಾನು ಮೂರು ನಿಮಿಷಕ್ಕೇ ನಡೆಯತೊಡಗಿದಾಗ ಒಬ್ಬ ಹುಡುಗ "ಮಾವಶಿ, ಇಷ್ಟರಾಗ ಮುಗೀತೇನ?" ಎಂದ. ಅದೇ ಹುಡುಗ ಮೂವತ್ತನೇ ಕಿಲೋಮೀಟರಿನಲ್ಲಿ ಬೇವಿನ ಮರಕ್ಕೆ ಆತು ನಿಂತಿದ್ದ. "ಇಷ್ಟರಾಗ ಮುಗೀತೇನಪಾ?" ಎಂದು ಕೇಳಿ ಮುಂದೆ ಹೋದೆ. ಇಂಥ ಸುಖ ದೇವರು ದಿನಾ ಕೊಡುವುದಿಲ್ಲ.

ಇವರು ಮತ್ತು ಧರೆಪ್ಪಣ್ಣ ಬೈಕಿನಲ್ಲಿ ಹಿಂದೆ. ಒಂದು ಸೀಟಿ, ಎರಡು ಸೀಟಿ. ಧರೆಪ್ಪಣ್ಣ ನಿಶಾನಿಯನ್ನೂ ಪೆಟ್ಟಿಗೆಯಿಂದ ತೆಗೆದು ತಂದಿದ್ದ. ಚಿಕ್ಕೋಡಿಯಲ್ಲಿ ತಿರುಗಿದಾಗ ಒಂಬತ್ತೂ ಇಪ್ಪತ್ತು.

ವಾಪಸು ಬರುವಾಗ ಜುಗೂಳದ ಜೀಪು ಬಂತು. ಶರ್ಯತ್ತಿನ ಸುದ್ದಿ ಕೇಳಿ ಆಬಾಸಾಹೇಬರು ಹೆಂಡತಿಯನ್ನೂ ಕರೆದುಕೊಂಡು ಬೀಗತಿಯ ಸೋಲು ನೋಡಲು ಬಂದಿದ್ದರು. ನಾನು ನಡೆಯುವ ನಿಮಿಷವನ್ನೇ ಕಾದು ಪಕ್ಕಕ್ಕೆ ತಂದರು. "ಬೀಗತ್ಯಾರ, ಬಿಸಲ ಭಾಳ ಐತಿ, ಹತ್ರಿ. ಯಾರ ನೋಡ್ತಾರ?" ಬೀಗರ ಮಾತಿಗೆ ಇಲ್ಲ ಅನ್ನುವುದು ಹೇಗೆ? ಉತ್ತರ ಕೊಡದೆ ಓಡಿದೆ, ನಡಿಗೆಯ ನಿಮಿಷ ಇನ್ನೂ ಅರ್ಧ ಇತ್ತು. ಹಿಂದಿನಿಂದ ಇವರ ಬೈಗುಳ ಕೇಳಿತು. ಬೀಗರಿಗಲ್ಲ, ನನಗೆ. ನಡಿಗೆ ಬಿಟ್ಟದ್ದಕ್ಕೆ.

ನಲವತ್ತೇಳನೇ ಕಿಲೋಮೀಟರಿನಲ್ಲಿ ಬಿದ್ದೆ. ಟ್ರ್ಯಾಕ್ಟರಿನಿಂದ ಉದುರಿದ ಒಂದು ಕಬ್ಬಿನ ತುಂಡು ಕಾಲಿಗೆ ಸಿಕ್ಕಿತು. ಮೊಣಕಾಲು, ಅಂಗೈ, ಗದ್ದ ಎಲ್ಲಾ ರಸ್ತೆಗೆ. ಏಳಲು ಹೋದರೆ ಕಾಲು ನನ್ನದಲ್ಲ. ಹನ್ನೆರಡೂ ಐವತ್ತು ಆಗಿತ್ತು. ಉಳಿದದ್ದು ನಲವತ್ತು ನಿಮಿಷ, ಮೂರು ಕಿಲೋಮೀಟರ್. ಜೀಪಿನಿಂದ ಆಬಾಸಾಹೇಬರ ಹೆಂಡತಿ ಇಳಿದು ಓಡಿ ಬಂದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ, ಕಣ್ಣಲ್ಲಿ ನೀರೇ ಇತ್ತು. "ಅಯ್ಯ ಬಾಯೀ, ಕೈ ಕೊಡ್ರಿ" ಎಂದು ಬಾಗಿದರು.

"ಮುಟ್ಟಬ್ಯಾಡ್ರಿ!"

ಇವರು ಬೈಕನ್ನು ಹಾಗೇ ಬೀಳಲು ಬಿಟ್ಟು ಬಂದು, ಎರಡೂ ಕೈ ಚಾಚಿ ನನಗೆ ಅಡ್ಡ ನಿಂತಿದ್ದರು. "ಹಿಂದ ಸರೀರಿ! ಮುಟ್ಟಿದ್ರ ಬಾದ ಆಕ್ಕಾಳ!"

ಜನ ಸೇರಿತು. "ಎಂಥಾ ಕಟುಕ ಅದಾನಿವಾ, ಹೆಂಡ್ತಿ ಬಿದ್ದಾಳ, ಎತ್ತಾಕ ಬಿಡವಲ್ಲ" ಎಂದು ಯಾರೋ ಅಂದರು. ಆಬಾಸಾಹೇಬರು ಮೆಲ್ಲಗೆ ಹೇಳಿದರು, "ಸಂಭಾಜಿರಾವ, ಹುಚ್ಚ ಹಿಡದೈತೇನ? ಆಕಿ ಬಾದ ಆದ್ರ ನಮಗ ಚಲೋ ಅಲ್ಲೇನ?"

"ನಿಮಗ ಹೇಳಾಕತ್ತೇನಿ, ಹಿಂದ ಸರೀರಿ!"

ಆಬಾಸಾಹೇಬರ ಮುಖ ಕಪ್ಪಾಯಿತು. ಜೀಪು ಹತ್ತಿದರು. ಇವರು ಅತ್ತ ನೋಡಲೂ ಇಲ್ಲ. ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ತಮ್ಮ ಮೇಲೆಯೇ ನಂಬಿಕೆ ಇರಲಿಲ್ಲವೇನೋ. "ಏಳ. ದ್ರೌಪದಿ, ಏಳ" ಎಂದರು.

ಇಪ್ಪತ್ತೆರಡು ವರ್ಷ ನಾನು 'ಏಯ್', ಆಮೇಲೆ 'ಕೋಮಲನ ಆಯಿ'. ಎತ್ತಿಗೆ ಮೊದಲ ದಿನವೇ ಹೆಸರಿಟ್ಟಿದ್ದರು. ನನಗೂ ಒಂದಿದೆಯೆಂದು ನೆನಪಾಗಲು ನಾನು ಡಾಂಬರಿಗೆ ಬೀಳಬೇಕಾಯಿತು. ಬೈಯೋಣವೆಂದುಕೊಂಡೆ. ಬೈಯಬೇಕಾದರೆ ಮೊದಲು ಏಳಬೇಕಲ್ಲ. ಎದ್ದೆ.

ಎರಡು ಸೀಟಿ. ನಡೆದೆ. ಆಮೇಲೆ ಒಂದು ಸೀಟಿ.

ಹೊಗೆಸೊಪ್ಪಿನ ಗೋದಾಮುಗಳ ಘಾಟು ಮೂಗಿಗೆ ಬಡಿದಾಗ ನಿಪ್ಪಾಣಿ ಬಂತೆಂದು ತಿಳಿಯಿತು. ಗೆರೆಯ ಆಚೆ ಕೋಮಲ ನಿಂತಿದ್ದಳು, ಬಾಯಿ ತೆರೆದಿತ್ತು, ಕೂಗು ನನಗೆ ಕೇಳಿಸಲಿಲ್ಲ. ಏಳು ತಾಸು ಐವತ್ತಮೂರು ನಿಮಿಷ. ಧರೆಪ್ಪಣ್ಣ ನಿಶಾನಿ ಇಳಿಸಿದ.

ಇವರು ಹತ್ತಿರ ಬಂದರು. ನನ್ನನ್ನಲ್ಲ, ಪಂಚನನ್ನು ಕೇಳಿದರು: "ಧರೆಪ್ಪಾ, ಇನ್ನ ಮುಟ್ಟಬೋದಲ್ಲ?"

ಧರೆಪ್ಪಣ್ಣ ಹೂಂ ಅಂದ ಮೇಲೆ ಎರಡೂ ಕೈಯಿಂದ ನನ್ನ ಭುಜ ಹಿಡಿದು ನಿಲ್ಲಿಸಿದರು. ಮತ್ತೆ ಜೇಬಿನಿಂದ ಗುಲಾಲಿನ ಪುಡಿಕೆ ತೆಗೆದು ನನ್ನ ತಲೆಯ ಮೇಲೆ ಸುರಿದುಬಿಟ್ಟರು. ಕಣ್ಣಿಗೆ, ಬಾಯಿಗೆ, ಗಾಯಕ್ಕೆ, ಎಲ್ಲಕ್ಕೂ. ಉರಿಯಿಂದ ಚೀರಿದೆ.

ಸೋಲುವವರ ಜೇಬಿನಲ್ಲಿ ಗುಲಾಲು ಏಕಿತ್ತೆಂದು ಇನ್ನೂ ಕೇಳಿಲ್ಲ.

ಡಿಸೆಂಬರ್ 20, ಭಾನುವಾರ

ಇವರು ಶುಕ್ರವಾರ ಜುಗೂಳಕ್ಕೆ ಹೋಗಿ ಬಂದರು. ಧರೆಪ್ಪಣ್ಣ ಜೊತೆಗಿದ್ದ, ಅವನೇ ಹೇಳಿದ್ದು. ಆಬಾಸಾಹೇಬರು ನಾಲ್ಕು ಜನರ ಮುಂದೆ, "ಹೆಂಡ್ತಿ ಕೂಡ ಶರ್ಯತ್ತ ಸೋತ ಗಂಡಸಿನ ಮನೀ ಹೆಣ್ಣ ನಮಗ ಬ್ಯಾಡ" ಎಂದರಂತೆ. ಇವರು ಮೀಸೆ ತಿರುವಿ, "ಸೋತೇನಿ, ಹೌದು. ಐವತ್ತ ಕಿಲೋಮೀಟರ ಓಡೂ ಹೆಣ್ಣ ನಿಮ್ಮ ಮನ್ಯಾಗ ಇದ್ರ ತೋರಸ್ರಿ, ಆಕಿ ಕೂಡಾನೂ ಸೋತ ಬರ್ತೇನಿ" ಎಂದರಂತೆ. ಸೋತು ಇಷ್ಟು ಸೊಕ್ಕು ಮಾಡಿದವರನ್ನು ಧರೆಪ್ಪಣ್ಣ ಕಂಡಿಲ್ಲವಂತೆ. ಕೋಮಲ ಅಡಿಗೆ ಮನೆಯಲ್ಲಿ ಪುಸ್ತಕ ತೆರೆದುಕೊಂಡು ಏನೋ ಬಾಯಿಪಾಠ ಮಾಡುತ್ತಿದ್ದಾಳೆ. ಸಾರು ಉಕ್ಕಿದ್ದೂ ತಿಳಿಯಲಿಲ್ಲ.

ಇಂದು ಮುಂಜಾನೆ, ಏಕೋ, ಐದಕ್ಕೇ ಎಚ್ಚರವಾಯಿತು. ಅಭ್ಯಾಸದಂತೆ ಕೊಟ್ಟಿಗೆಗೆ ಹೋಗಿ ಬಟ್ಟಲಿಗೆ ಕೈ ಹಾಕಿದೆ. ಆರೇ ಇದ್ದವು. ನನಗೆ ಸಿಟ್ಟು ಬಂತು.

"ಎಂಟ ಇರ್ತಿದ್ದೂ, ಎರಡ ಎಲ್ಲಿ?" ಎಂದು ಕೇಳಿಯೇಬಿಟ್ಟೆ, ಕಳ್ಳಿ ನಾನೆಂಬುದನ್ನೂ ಮರೆತು.

ಇವರು ಹುಲ್ಲು ಹಾಕುತ್ತ ತಲೆ ಎತ್ತದೇ ಹೇಳಿದರು, "ಸರ್ಜಾಗ ಆರ. ಎರಡ ನಿನ್ನೂ. ಶರ್ಯತ್ತ ಮುಗೀತಲ್ಲ."

ಸರ್ಜಾ ನನ್ನನ್ನೇ ನೋಡುತ್ತಿತ್ತು, ಚಾಡಿಕೋರ. ಆಮೇಲೆ ಅಂದೆ, "ಮುಗದಿಲ್ಲ. ಇನ್ನೊಂದ ಹಚ್ಚರಿ. ನಾ ಗೆದ್ರ, ಮುಂದ ಯಾರರ ಬಂದಾಗ ನಮ್ಮ ಕೋಮಲ ಕುಂತ ಚಹಾ ಕುಡೀಬೇಕು. ಹುಡುಗ ಆ ಬಾಗಲತನ ನಡದ ತೋರಸಬೇಕು."

ಇವರು ಹುಲ್ಲಿನ ಕಂತೆ ಕೆಳಗಿಟ್ಟರು. ಕೈ ಒರೆಸಿಕೊಂಡು, ಗೂಡಿನಲ್ಲಿದ್ದ ಡಬ್ಬಿ ತೆಗೆದು, ಎರಡು ಬದಾಮಿ ನೀರಿಗೆ ಹಾಕಿದರು.